ತೆರೆಯ ಮೇಲಿನ ಅಗ್ರಹಾರ: ಜುಟ್ಟು ಕಾಣುತ್ತದೆ, ಮನೆ ಕಾಣುವುದಿಲ್ಲ

ಶೃಂಗೇರಿಯ ಆಸುಪಾಸಿನ ವೈಕುಂಠಪುರ ಎಂಬ ಪುಟ್ಟ ಊರು ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ದೂರ್ವಾಸಪುರವಾಗಿ ಉಳಿದುಕೊಂಡಿದೆ. ಯು.ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದಾಗ ಚಿತ್ರೀಕರಣ ನಡೆದದ್ದು ಇಲ್ಲಿಯೇ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದ್ದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್. ಜಾತಿಭಾವನೆಗಳು ಕೆರಳಿಯಾವು ಎಂಬ ಆತಂಕದಿಂದ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರದ ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತು. ಕೇಂದ್ರ ವಾರ್ತಾ ಸಚಿವಾಲಯದ ಮಟ್ಟದಲ್ಲಿ ಆ ನಿಷೇಧ ತೆರವಾಯಿತು. ಮುಂದೆ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು.

ಈ ಕಥೆಯಲ್ಲಿ ಹೊರಗಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಶೃಂಗೇರಿ ಎಂದರೆ ಅದ್ವೈತದ ಪೀಠ, ಸ್ಮಾರ್ತರ ನೆಲೆ. ಆದರೆ ದೂರ್ವಾಸಪುರ ಮಾಧ್ವರ ಅಗ್ರಹಾರ. ಕಾದಂಬರಿಯಲ್ಲಿ ಸ್ಮಾರ್ತರು ವಾಸಿಸುವುದು ನೆರೆಯ ಪಾರಿಜಾತಪುರದಲ್ಲಿ. ಆಚಾರ ಬಿಟ್ಟ ನಾರಣಪ್ಪನ ಹೆಣ ಯಾರೂ ಮುಟ್ಟದೆ ಬಿದ್ದಿರುವಾಗ, ಪಾರಿಜಾತಪುರದವರಾದರೂ ಸಂಸ್ಕಾರ ಮಾಡಿಯಾರೇ ಎಂದು ಅಗ್ರಹಾರದವರು ಕೇಳಿಕೊಂಡು ಹೋಗುತ್ತಾರೆ. ತಮಗಿಂತ ಆಚಾರದಲ್ಲಿ ಸಡಿಲರೆಂದು ಹೀಗಳೆಯುತ್ತಿದ್ದವರ ಬಾಗಿಲಿಗೇ ಹೋಗಬೇಕಾಗಿ ಬಂದ ಮುಜುಗರವೇ ಆ ಪ್ರಸಂಗದ ಜೀವಾಳ. ಒಂದು ಪಂಗಡವನ್ನು ಅಷ್ಟು ಕಟುವಾಗಿ ಪರೀಕ್ಷೆಗೆ ಒಡ್ಡಿದ ಕೃತಿಗೆ ಆ ಪಂಗಡದ ಒಳಸುಳಿಗಳು ಚೆನ್ನಾಗಿ ಗೊತ್ತಿದ್ದವು.

ಅರ್ಧ ಶತಮಾನದ ನಂತರ ಕನ್ನಡದ ಮನೆಮನೆಗಳಲ್ಲಿ ಪ್ರತಿ ಸಂಜೆ ಕಾಣಿಸುವ ಅಗ್ರಹಾರ ಬೇರೆಯೇ ಆಗಿದೆ. ಅಲ್ಲಿನ ಆಚಾರ್ಯರು ಮಾಧ್ವರೋ ಸ್ಮಾರ್ತರೋ ಶ್ರೀವೈಷ್ಣವರೋ ಹೇಳುವುದು ಕಷ್ಟ. ಮಾಧ್ವರ ಅಂಗಾರ ಅಕ್ಷತೆಯೂ ಸ್ಮಾರ್ತರ ವಿಭೂತಿಯೂ ಪ್ರಸಾಧನ ಕಲಾವಿದನ ಅನುಕೂಲಕ್ಕೆ ತಕ್ಕಂತೆ ಹಣೆಯನ್ನು ಸೇರುತ್ತವೆ. ಜುಟ್ಟು, ಜನಿವಾರ, ಮಡಿಸೀರೆ, ಮಾತಿಗೊಮ್ಮೆ ಒಂದು ಶ್ಲೋಕ ಇವಿಷ್ಟು ಇದ್ದರೆ ಕುಟುಂಬ ಸಿದ್ಧ.

ಒಂದೇ ಗುರುತಿನ ಸೆರೆ

ಇದು ಕನ್ನಡ ಕಿರುತೆರೆಯ ಕಾಯಿಲೆ ಮಾತ್ರವಲ್ಲ. ಸಣ್ಣ ಧಾರ್ಮಿಕ ಸಮುದಾಯವೊಂದನ್ನು ಮನರಂಜನೆಯ ದೂರದರ್ಶನ ಹೇಗೆ ನಡೆಸಿಕೊಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಮಾರ್ಮನ್ನರು ಜಗತ್ತಿನಲ್ಲೇ ಹೆಚ್ಚು ಚರ್ಚೆಯಾಗಿರುವ ನಿದರ್ಶನಗಳಲ್ಲೊಂದು. 1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಕ್ರೈಸ್ತ ಪಂಥದ ಕೇಂದ್ರ ಯೂಟಾ ರಾಜ್ಯ. ಆರಂಭದ ದಶಕಗಳಲ್ಲಿ ಅವರಲ್ಲಿ ಬಹುಪತ್ನಿತ್ವವಿತ್ತು. ಅದನ್ನು ಕೈಬಿಡುವುದಾಗಿ ಮುಖ್ಯ ಚರ್ಚು 1890ರಲ್ಲಿಯೇ ಘೋಷಿಸಿತು. ಆದರೆ ದೂರದರ್ಶನಕ್ಕೆ ಬೇಕಾದದ್ದು ಆ ಹಳೆಯ ಗುರುತೇ. ಎಚ್‌ಬಿಒ ವಾಹಿನಿಯಲ್ಲಿ 2006ರಿಂದ 2011ರವರೆಗೆ ಪ್ರಸಾರವಾದ ‘ಬಿಗ್ ಲವ್’ ಮೂವರು ಹೆಂಡಿರ ಗಂಡನೊಬ್ಬನ ಕಥೆ. ಮುಖ್ಯ ಚರ್ಚು ಬಹುಪತ್ನಿತ್ವವನ್ನು ಒಪ್ಪುವುದಿಲ್ಲವೆಂಬ ಸ್ಪಷ್ಟನೆಯನ್ನು ಮೊದಲ ಕಂತಿನ ಕೊನೆಯಲ್ಲಿ ವಾಹಿನಿ ತೋರಿಸಬೇಕಾಯಿತು. 2010ರಲ್ಲಿ ಇಂತಹುದೇ ನಿಜಕುಟುಂಬದ ರಿಯಾಲಿಟಿ ಪ್ರದರ್ಶನ ‘ಸಿಸ್ಟರ್ ವೈವ್ಸ್’ ಆರಂಭವಾಯಿತು. ಒಬ್ಬಳೇ ಹೆಂಡತಿಯೊಡನೆ ಬಾಳುವ, ಮದ್ಯ ಮುಟ್ಟದ, ಚಹಾ ಕಾಫಿಯನ್ನೂ ಸೇವಿಸದ ಸಾಮಾನ್ಯ ಮಾರ್ಮನ್ ಗೃಹಸ್ಥನಲ್ಲಿ ಕಥೆ ಹುಡುಕುವ ಗೋಜಿಗೆ ಹೋದವರು ಕಡಿಮೆ.

ಈ ಪಂಥ ಕನ್ನಡಿಗರಿಗೆ ಅಷ್ಟೇನೂ ದೂರದ್ದಲ್ಲ. ಬೆಂಗಳೂರಿನಲ್ಲಿ ತನ್ನ ಮಂದಿರವೊಂದನ್ನು ಕಟ್ಟುವುದಾಗಿ ಚರ್ಚು 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಕಾಮಗಾರಿಗೆ ಚಾಲನೆ ನೀಡಿತು.

ಲೇವಡಿಗೆ ಮಾರ್ಮನ್ನರು ತೋರಿದ ಪ್ರತಿಕ್ರಿಯೆಯೂ ಗಮನಾರ್ಹ. 2009ರಲ್ಲಿ ‘ಬಿಗ್ ಲವ್’ನಲ್ಲಿ ಮಂದಿರದೊಳಗಿನ ಗೋಪ್ಯ ವಿಧಿಯನ್ನು ತೋರಿಸಲು ಹೊರಟಾಗ ಆಕ್ಷೇಪಗಳು ಎದ್ದವು. ವಾಹಿನಿ ಕ್ಷಮೆ ಕೇಳಿತು, ಕಂತನ್ನು ಮಾತ್ರ ನಿಲ್ಲಿಸಲಿಲ್ಲ. ‘ಸೌತ್ ಪಾರ್ಕ್’ ವ್ಯಂಗ್ಯಧಾರಾವಾಹಿಯ ಕರ್ತೃಗಳು 2011ರಲ್ಲಿ ಈ ಪಂಥವನ್ನೇ ಗೇಲಿ ಮಾಡುವ ಸಂಗೀತ ನಾಟಕವನ್ನು ರಂಗಕ್ಕೆ ತಂದರು. ಆಗ ಚರ್ಚು ಆ ನಾಟಕದ ಕೈಪಿಡಿಯಲ್ಲಿಯೇ ಜಾಹೀರಾತು ಕೊಟ್ಟು, ನಾಟಕ ನೋಡಿದವರು ಇನ್ನು ತಮ್ಮ ಧರ್ಮಗ್ರಂಥವನ್ನು ಓದಿರೆಂದು ಆಹ್ವಾನಿಸಿತು. ಇಷ್ಟು ತಣ್ಣಗಿನ ಉತ್ತರ ನಮ್ಮಲ್ಲಿ ಅಪರೂಪ. 2021ರ ಫೆಬ್ರುವರಿಯಲ್ಲಿ ‘ಪೊಗರು’ ಚಿತ್ರದಲ್ಲಿ ಪುರೋಹಿತರನ್ನು ಅವಮಾನಿಸಲಾಗಿದೆ ಎಂದು ಬ್ರಾಹ್ಮಣ ಸಂಘಟನೆಗಳು ಪ್ರತಿಭಟಿಸಿದವು. ನಿರ್ದೇಶಕರು ಕ್ಷಮೆ ಯಾಚಿಸಿದರು, ದೃಶ್ಯಗಳಿಗೆ ಕತ್ತರಿ ಬಿತ್ತು.

ಇಪ್ಪತ್ತೆರಡು ನಿಮಿಷದ ಲೆಕ್ಕ

ಧಾರಾವಾಹಿಗಳು ಹೀಗೇಕೆ ಆಗುತ್ತವೆ? ದ್ವೇಷವೇ ಕಾರಣವೆಂದರೆ ಅದು ಅತಿಯಾದ ಮಾತು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು ಇಪ್ಪತ್ತೆರಡು ನಿಮಿಷ. ವಾರಕ್ಕೆ ಐದಾರು ಕಂತು ಸಿದ್ಧವಾಗಬೇಕು. ವಾರಕ್ಕೊಮ್ಮೆ ಬರುವ ವೀಕ್ಷಕರ ಅಳತೆಯ ಅಂಕಿ ಕೆಳಗಿಳಿದರೆ ಕಥೆಯೇ ತಿರುಗುತ್ತದೆ. ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದಲೇ ತಲೆ ಎತ್ತಿ ನೋಡುವ ವೀಕ್ಷಕಿಗೆ, ತೆರೆಯ ಮೇಲಿರುವವರು ಯಾರೆಂದು ಎರಡು ಕ್ಷಣದಲ್ಲಿ ತಿಳಿಯಬೇಕು. ಆದ್ದರಿಂದ ವೇಷವೇ ಪಾತ್ರವಾಗುತ್ತದೆ.

ಹೀಗೆ ಬರುವ ಅರ್ಚಕ ಎರಡೇ ವಿಧ. ಒಂದೋ ಆತ ತಪ್ಪೇ ಮಾಡದ ಸಾತ್ವಿಕ, ಇಲ್ಲವೇ ತಟ್ಟೆಕಾಸಿಗೆ ಬಾಯಿಬಿಡುವ ಹಾಸ್ಯದ ಭಟ್ಟ. ಮೊದಲನೆಯದು ಗೌರವದಂತೆ ತೋರಿದರೂ ಎರಡನೆಯದರಷ್ಟೇ ಪೊಳ್ಳು. ಪೂಜೆಗೆ ಕುಳಿತ ಮೂರ್ತಿಗೆ ಸಾಲವಿರುವುದಿಲ್ಲ, ಸೊಸೆಯೊಡನೆ ಜಗಳವಿರುವುದಿಲ್ಲ, ತೋಟವಿರುವುದಿಲ್ಲ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಈ ತೋಟದ ಮಾತೇ ದೊಡ್ಡ ಮಾತು. ಇಲ್ಲಿ ಅನೇಕ ಕುಟುಂಬಗಳು ಬದುಕುವುದು ಸಾಲುಮನೆಯ ಬೀದಿಯಲ್ಲಲ್ಲ, ಗುಡ್ಡದ ಬುಡದ ಒಂಟಿಮನೆಗಳಲ್ಲಿ. ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ. ಹಳದಿ ಎಲೆ ರೋಗ ದಶಕಗಳಿಂದ ಈ ತೋಟಗಳನ್ನು ಸೊರಗಿಸಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಹತ್ತು ಕೋಣೆಯ ಮನೆಯಲ್ಲಿ ಇಬ್ಬರು ವೃದ್ಧರಿದ್ದಾರೆ. ಧಾರಾವಾಹಿಗೆ ಬೇಕಾಗುವಷ್ಟು ದುಃಖ, ಹಾಸ್ಯ, ಹಟ ಎಲ್ಲವೂ ಅಲ್ಲಿದೆ. ಆದರೆ ತೆರೆಯ ಮೇಲಿನ ಮಡಿ ಪಂಚೆಗೆ ಬೋರ್ಡೋ ದ್ರಾವಣದ ಕಲೆ ತಾಗಿದ್ದನ್ನು ಕಂಡವರಿಲ್ಲ.

ಮದುವೆಯ ವಿಷಯದಲ್ಲಿ ಈ ಅಂತರ ಇನ್ನಷ್ಟು ಢಾಳಾಗಿದೆ. ಕಲರ್ಸ್ ಕನ್ನಡದಲ್ಲಿ 2022ರಲ್ಲಿ ಆರಂಭವಾದ ‘ರಾಮಾಚಾರಿ’ಯಲ್ಲಿ ಅರ್ಚಕರ ಮನೆಯ ಸಂಪ್ರದಾಯಸ್ಥ ಯುವಕನನ್ನು ಸಿರಿವಂತ ಮನೆತನದ ಆಧುನಿಕ ಯುವತಿ ಬಯಸುತ್ತಾಳೆ. ಅದಕ್ಕೆ ಒಂದು ವರ್ಷ ಮೊದಲು, 2021ರ ಜನವರಿಯಲ್ಲಿ, ಕರ್ನಾಟಕ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ಪ್ರಕಟಿಸಿದ ‘ಮೈತ್ರೇಯಿ’ ಯೋಜನೆ ಬೇರೆಯ ಕಥೆಯನ್ನೇ ಹೇಳುತ್ತಿತ್ತು. ಬಡ ಅರ್ಚಕರು ಮತ್ತು ಪುರೋಹಿತರನ್ನು ವರಿಸುವ ವಧುವಿಗೆ 3 ಲಕ್ಷ ರೂಪಾಯಿಯ ಬಾಂಡ್ ನೀಡುವ ಯೋಜನೆಯದು. ಅದೇ ವರ್ಷದ ಕೊನೆಗೆ ತಮಿಳುನಾಡಿನ ಬ್ರಾಹ್ಮಣ ಸಂಘಟನೆಯೊಂದು ಉತ್ತರಪ್ರದೇಶ, ಬಿಹಾರಗಳಲ್ಲಿ ವಧುಗಳನ್ನು ಹುಡುಕಲು ಹೊರಟ ಸುದ್ದಿಯೂ ಬಂತು. ವಧುಗಳ ಕೊರತೆಗೆ ಧಾರಾವಾಹಿಗಳೇ ಕಾರಣವೆನ್ನಲಾಗದು. ಒಂಟಿಮನೆ, ಹಳ್ಳಿ, ಅನಿಶ್ಚಿತ ಆದಾಯ ಇವೇ ಮೊದಲ ಕಾರಣಗಳು. ಆದರೂ ಅಂತಹ ಮನೆಗೆ ಸೊಸೆಯಾಗಿ ಹೋಗುವುದೆಂದರೆ ಏನೆಂದು ನಗರದ ಹುಡುಗಿಗೆ ತಿಳಿಯಲು ಇರುವ ಕಿಂಡಿ ಬಹುಮಟ್ಟಿಗೆ ಟಿ.ವಿ.ಯೇ. ಅದರಲ್ಲಿ ಆಕೆ ಕಾಣುವುದು ಮಡಿಯ ಹೆಸರಿನಲ್ಲಿ ಗದರುವ ಅತ್ತೆಯನ್ನು.

ಕಾಣದವರ ಪಾಡು

ತಪ್ಪಾಗಿ ಕಾಣುವುದಕ್ಕಿಂತ ಕಾಣದೆಯೇ ಇರುವವರ ಸ್ಥಿತಿ ಬೇರೆ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿ ಜ್ವಾಲಾಮಾಲಿನಿ ದೇವಿಯ ಕ್ಷೇತ್ರವೆಂದು ದಿಗಂಬರ ಜೈನರಲ್ಲಿ ಪ್ರಸಿದ್ಧ. ಅಲ್ಲಿ ಭಟ್ಟಾರಕರ ಮಠವೂ ಇದೆ. ಪಂಪ, ರನ್ನರ ಪರಂಪರೆಯ ಈ ಸಮುದಾಯ 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಶ್ರವಣಬೆಳಗೊಳದಲ್ಲಿ 2006 ಮತ್ತು 2018ರಲ್ಲಿ ನಡೆದಂತಹ ಮಹಾಮಸ್ತಕಾಭಿಷೇಕದ ವೇಳೆ ಕ್ಯಾಮೆರಾಗಳು ಅವರತ್ತ ತಿರುಗುತ್ತವೆ. 2015ರಲ್ಲಿ ಸಲ್ಲೇಖನವನ್ನು ರಾಜಸ್ಥಾನ ಹೈಕೋರ್ಟು ಅಪರಾಧವೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿದಾಗ ಸುದ್ದಿವಾಹಿನಿಗಳು ಚರ್ಚೆ ನಡೆಸಿದವು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಅಂಗಡಿಯ ಲೆಕ್ಕ ನೋಡುವ ಜೈನ ಗೃಹಿಣಿಯೊಬ್ಬಳು ದೈನಂದಿನ ಧಾರಾವಾಹಿಯ ನಾಯಕಿಯಾಗುವುದು ಮಾತ್ರ ಅಪರೂಪ.

ಅದೇ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿ ರಬ್ಬರ್ ಬೆಳೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳಿವೆ. ಕನ್ನಡ ತೆರೆಯ ರೂಢಿಯ ಕ್ರೈಸ್ತ ಪಾತ್ರವೋ ತುಂಡು ಲಂಗ ತೊಟ್ಟು, ಅರ್ಧ ಇಂಗ್ಲಿಷಿನಲ್ಲಿ ಮಾತನಾಡುತ್ತ, ಕೈಯಲ್ಲೊಂದು ಗ್ಲಾಸು ಹಿಡಿದಿರುತ್ತದೆ. ಮುಂಜಾವದಲ್ಲಿ ರಬ್ಬರ್ ಮರ ಕೆತ್ತುವ ರೈತನಿಗೂ ಈ ಪಾತ್ರಕ್ಕೂ ಶಿಲುಬೆಯೊಂದನ್ನು ಬಿಟ್ಟರೆ ಯಾವ ಸಂಬಂಧವೂ ಕಾಣದು.

ನೊಂದವರು ಎಲ್ಲಿ ದೂರಬೇಕು? ಚಲನಚಿತ್ರಕ್ಕೆ 1952ರ ಕಾಯಿದೆಯಂತೆ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಧಾರಾವಾಹಿಯ ಕಂತುಗಳಿಗೆ ಅಂತಹ ಪೂರ್ವಪರಿಶೀಲನೆ ಇಲ್ಲ. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಯಡಿಯ ಕಾರ್ಯಕ್ರಮ ಸಂಹಿತೆ ಧರ್ಮ, ಸಮುದಾಯಗಳ ಮೇಲಿನ ದಾಳಿಯನ್ನೂ ಧಾರ್ಮಿಕ ಗುಂಪುಗಳನ್ನು ತುಚ್ಛೀಕರಿಸುವ ದೃಶ್ಯ ಮತ್ತು ಮಾತುಗಳನ್ನೂ ನಿಷೇಧಿಸುತ್ತದೆ. ಮನರಂಜನಾ ವಾಹಿನಿಗಳ ವಿರುದ್ಧದ ದೂರುಗಳನ್ನು ಆಲಿಸಲು ಪ್ರಸಾರಕರೇ 2011ರಲ್ಲಿ ದೂರು ಮಂಡಳಿಯೊಂದನ್ನು ರಚಿಸಿಕೊಂಡರು. ಅಂತರ್ಜಾಲದ ವೇದಿಕೆಗಳಿಗೆ 2021ರ ನಿಯಮಗಳು ಅನ್ವಯಿಸುತ್ತವೆ. ಆದರೆ ಅವಮಾನಕ್ಕೆ ಕಾನೂನಿದೆಯೇ ಹೊರತು ಅಜ್ಞಾನಕ್ಕೆ ಇಲ್ಲ. ಹಣೆಯ ಮೇಲೆ ತಪ್ಪು ನಾಮ ಎಳೆದದ್ದಕ್ಕೆ ಯಾವ ಸಂಹಿತೆಯೂ ದಂಡ ವಿಧಿಸುವುದಿಲ್ಲ. ವಿಧಿಸಲೂ ಬಾರದು. ಆ ದಾರಿ ಹಿಡಿದರೆ ‘ಸಂಸ್ಕಾರ’ದಂತಹ ಚಿತ್ರಕ್ಕೇ ಮೊದಲು ಕತ್ತರಿ ಬೀಳುತ್ತದೆ. ವಿಧವೆಯೊಬ್ಬಳನ್ನು ಬದುಕಿರುವಾಗಲೇ ಸತ್ತವಳೆಂದು ಬಹಿಷ್ಕರಿಸುವ ವಿಧಿಯನ್ನು ತೋರಿಸಿದ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೂ (1977) ಅದೇ ಗತಿಯಾಗುತ್ತಿತ್ತು. ಆ ಚಿತ್ರದ ಮರುಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಕಿರುತೆರೆಗೆ ಇದು ಸಾಧ್ಯವೇ ಇಲ್ಲವೇ? ಶೃಂಗೇರಿಯಿಂದ ಸುಮಾರು 30 ಕಿ.ಮೀ. ದೂರದ ಆಗುಂಬೆಯಲ್ಲಿ ಶಂಕರ್ ನಾಗ್ ಅದನ್ನು ಮಾಡಿ ತೋರಿಸಿದ್ದರು. ಆರ್.ಕೆ. ನಾರಾಯಣ್ ಕಥೆಗಳ ‘ಮಾಲ್ಗುಡಿ ಡೇಸ್’ ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ದೇಶದ ಮನೆಮಾತಾಯಿತು. ಸ್ವಾಮಿಯದು ಬ್ರಾಹ್ಮಣ ಕುಟುಂಬ. ಪ್ರಾಣೇಶಾಚಾರ್ಯನಾಗಿದ್ದ ಅದೇ ಗಿರೀಶ್ ಕಾರ್ನಾಡ್ ಇಲ್ಲಿ ಸ್ವಾಮಿಯ ತಂದೆ, ವೃತ್ತಿಯಲ್ಲಿ ವಕೀಲ. ಆ ಮನೆಯಲ್ಲಿ ಧರ್ಮವಿಲ್ಲವೆಂದಲ್ಲ. ಮಿಷನ್ ಶಾಲೆಯ ಬೈಬಲ್ ಪಾಠದ ಉಪಾಧ್ಯಾಯ ಹಿಂದೂ ದೇವರುಗಳನ್ನು ಹೀಯಾಳಿಸಿದಾಗ ಸ್ವಾಮಿ ಎದುರಾಡಿ ಪೆಟ್ಟು ತಿನ್ನುತ್ತಾನೆ, ತಂದೆ ಮುಖ್ಯೋಪಾಧ್ಯಾಯರಿಗೆ ಖಾರವಾದ ಪತ್ರ ಬರೆಯುತ್ತಾರೆ. ಆದರೆ ಆ ಜಗಳವೇ ಅವರ ಇಡೀ ಬದುಕಲ್ಲ. ಅಜ್ಜಿಯ ಕಥೆ, ಗಣಿತದ ಲೆಕ್ಕ, ಕ್ರಿಕೆಟ್ ತಂಡ, ಬಿಟ್ಟುಹೋಗುವ ಗೆಳೆಯ ಎಲ್ಲವೂ ಉಂಟು.

ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಗೆ ಇಂದಿಗೂ ಪ್ರವಾಸಿಗರು ಬರುತ್ತಾರೆ. ಅವರು ಹುಡುಕಿಕೊಂಡು ಬರುವುದು ಸ್ವಾಮಿಯ ಮನೆಯನ್ನು.