ಕೂಸಿನೊಡನೆ ಪ್ರಯಾಣ

ಬೇಸಿಗೆ ರಜೆ ಬಂದೊಡನೆ ಮಾಗಡಿ ರಸ್ತೆಯ ಹೇರೋಹಳ್ಳಿಯ ಕಡೆಯಿಂದ ಕುಟುಂಬಗಳು ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೊರಡುವುದುಂಟು. ಬುತ್ತಿ, ಬಟ್ಟೆಬರೆ, ಹರಕೆಯ ಕಾಣಿಕೆ ಎಲ್ಲವೂ ನೆನಪಿರುತ್ತವೆ. ಕೂಸಿನ ಸಿದ್ಧತೆ ಮಾತ್ರ ಬಸ್ಸು ಹತ್ತಿದ ಮೇಲೆ ನೆನಪಾಗುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದೇ ಸಾಕು. ಬಿಸಿಲೆಂದು ನೀರು ಕುಡಿಸಬೇಕಾಗಿಲ್ಲ; ಬೇಕಾದ ನೀರು ಆ ಹಾಲಿನಲ್ಲಿಯೇ ಇದೆ. ಬಸ್ಸಿನಲ್ಲಿ ಎದೆಹಾಲು ಕೊಡಲು ಸಂಕೋಚಪಟ್ಟು ಹಾಲಿನ ಸೀಸೆ ಒಯ್ಯುವ ತಾಯಂದಿರಿದ್ದಾರೆ. ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಆ ಹಾಲು ಕೆಟ್ಟಿರಬಹುದು. ದಾರಿಯಲ್ಲಿ ಸೀಸೆಯನ್ನು ಕುದಿಸಿ ಶುದ್ಧಮಾಡುವ ಅನುಕೂಲವೆಲ್ಲಿ? ಭೇದಿ ತಗಲುವುದು ಹೀಗೆಯೇ. ಪತಿಯು ಕಿಟಕಿಯ ಪಕ್ಕದ ಸ್ಥಳವನ್ನು ಪತ್ನಿಗೆ ಬಿಟ್ಟು, ಮರೆಗೊಂದು ಟವೆಲ್ ಹಿಡಿದರೆ ಸೀಸೆಯೇ ಬೇಡ. ದಾರಿಯಲ್ಲಿ ಶೌಚಾಲಯ ಸಿಗದೆಂದು ತಾಯಿಯು ನೀರು ಕುಡಿಯದಿರುವುದೂ ಸಲ್ಲದು.

ದೊಡ್ಡ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯತಕ್ಕದ್ದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಓ.ಆರ್.ಎಸ್. ಪೊಟ್ಟಣಗಳೆರಡು ಚೀಲದಲ್ಲಿರಲಿ. ಭೇದಿಯಾದರೆ 1 ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. 24 ಗಂಟೆ ಕಳೆದರೆ ಉಳಿದುದನ್ನು ಚೆಲ್ಲಿರಿ. ಎದೆಹಾಲನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು, ಕೂಸು ಮಂಕಾಗಿ ಕುಡಿಯಲಾರದೆ ಹೋದರೆ ದೇವರ ದರ್ಶನ ಆಮೇಲಾಗಲಿ. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಚುಚ್ಚುಮದ್ದಿನ ದಿನವು ಪ್ರಯಾಣದ ನಡುವೆ ಬೀಳುವುದಾದರೆ ಆರೋಗ್ಯ ಕಾರ್ಯಕರ್ತೆಯನ್ನು ಮೊದಲೇ ವಿಚಾರಿಸಿರಿ. ತಾಯಿ ಕಾರ್ಡು ಜೊತೆಯಲ್ಲಿರಲಿ.