2147483647: ಇದರಾಚೆ ಎಣಿಸೋಕೆ ಬರಲ್ಲ

ಇನ್ನೂರ ಹದಿನಾಲ್ಕು ಕೋಟಿ, ಎಪ್ಪತ್ನಾಲ್ಕು ಲಕ್ಷ, ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಷ್ಟೋ ಹಳೇ ಕಂಪ್ಯೂಟರುಗಳ ಗಡಿಯಾರ ಈ ಸಂಖ್ಯೆ ಮುಟ್ಟುತ್ತೆ. ಮುಂದಿನ ಸೆಕೆಂಡಿಗೆ ಅವು 1901ರ ಡಿಸೆಂಬರ್‌ಗೆ ಹಾರುತ್ತವೆ.

ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಈ ಸಂಖ್ಯೆಗೆ ಹೆಸರಿತ್ತು. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದು ಕಳೆದರೆ ಇದು ಸಿಗುತ್ತೆ. ಇದು ಅವಿಭಾಜ್ಯ ಅಂತ 1772ರಲ್ಲಿ ತೋರಿಸಿದ್ದು ಆಯ್ಲರ್. ಆ ಹೊತ್ತಿಗೆ ಅವನಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಸುಮ್ಮನೆ ಪರೀಕ್ಷಿಸಿದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಬೇಕು. ಆಯ್ಲರ್ ಜಾಲರಿ ಹಿಡಿದ: ಇದನ್ನು ಭಾಗಿಸುವ ಅವಿಭಾಜ್ಯ ಏನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಅಲ್ಲಿಗೆ ಕೆಲಸ ಎಷ್ಟೋ ಪಾಲು ಇಳಿಯಿತು. ಜಾಲರಿಯಲ್ಲಿ ಉಳಿದ ಯಾವುದೂ ಭಾಗಿಸಲಿಲ್ಲ.

1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ, ಈ ಸಂಖ್ಯೆಯಿಂದ ಹುಟ್ಟುವ 'ಪರಿಪೂರ್ಣ ಸಂಖ್ಯೆ'ಗಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ, ಇವೆಲ್ಲ ಬರೀ ಕುತೂಹಲದವು, ಉಪಯೋಗದವಲ್ಲ ಅಂತ ಬರೆದ. ಪಾಪ!

ಉಪಯೋಗ ಬಂದಿದ್ದು ಹೀಗೆ. 32 ಬಿಟ್ ಜಾಗದಲ್ಲಿ ಒಂದು ಬಿಟ್ ಧನವೋ ಋಣವೋ ಅನ್ನೋದಕ್ಕೆ ಹೋಗುತ್ತೆ. ಉಳಿದ 31ರಲ್ಲೂ ಒಂದನ್ನೇ ತುಂಬಿದರೆ ಇದೇ ಸಂಖ್ಯೆ. ಯೂನಿಕ್ಸ್ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿದೆ. 2014ರಲ್ಲಿ 'ಗಂಗ್ನಮ್ ಸ್ಟೈಲ್' ವೀಕ್ಷಣೆ ಈ ಗಡಿ ದಾಟುವ ಹೊತ್ತಿಗೆ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿತ್ತು. ಅದೇನೋ ತಮಾಷೆ. ಆದರೆ 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ಬೋಯಿಂಗ್ 787 ಬಗ್ಗೆ ಆದೇಶ ಹೊರಡಿಸಿದರು: 248 ದಿನ ಸತತ ವಿದ್ಯುತ್ ಹರಿಯುತ್ತಿದ್ದರೆ ಜನರೇಟರ್ ನಿಯಂತ್ರಕದ ಕೌಂಟರ್ ತುಂಬಿ, ಹಾರಾಟದಲ್ಲೇ ಕರೆಂಟ್ ಹೋಗಬಹುದು, ಅಷ್ಟರೊಳಗೆ ಆಫ್ ಮಾಡಿ ಆನ್ ಮಾಡಿ. ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ನಮ್ಮ ಸಂಖ್ಯೆ ತುಂಬೋಕೆ ಹಿಡಿಯುವುದು ಇದೇ ಇನ್ನೂರ ನಲವತ್ತೆಂಟೂವರೆ ದಿನ. (ಆಯ್ಲರ್‌ನ 248ಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ ಅಷ್ಟೆ.)

ನಿಮ್ಮ ಫೋನು, ಲ್ಯಾಪ್‌ಟಾಪು 64 ಬಿಟ್. ಅವುಗಳ ಚಿಂತೆ ನನಗಿಲ್ಲ. ನನ್ನ ಚಿಂತೆ ಗೋಡೆಗೆ ಮೊಳೆ ಹೊಡೆದು ಮರೆತುಬಿಡುವ ಯಂತ್ರಗಳದ್ದು: ಮೀಟರು, ಪಂಪಿನ ನಿಯಂತ್ರಕ, ಸಿಗ್ನಲ್ಲು, ಜೊತೆಗೆ ಕಚೇರಿಯ ಹಳೇ ಡೇಟಾಬೇಸು. ದಿನಾಂಕ ತಪ್ಪಿದರೆ ಪಿಂಚಣಿಯೂ ತಪ್ಪುತ್ತೆ, ಬಡ್ಡಿಯೂ ತಪ್ಪುತ್ತೆ. ಇಪ್ಪತ್ತು ವರ್ಷದ ಸಾಲದ ಕಂತು ಲೆಕ್ಕ ಹಾಕುವ ತಂತ್ರಾಂಶ ಈಗಾಗಲೇ 2038ರಾಚೆಯ ದಿನಾಂಕ ಬರೆಯಬೇಕು. ಜನರ ದುಡ್ಡಲ್ಲಿ ಇವತ್ತು ಕೊಳ್ಳುವ ಉಪಕರಣಕ್ಕೆ ಹದಿನೈದು ವರ್ಷ ಆಯಸ್ಸು ಅಂದುಕೊಂಡರೂ ಅದು ಆ ಮಂಗಳವಾರವನ್ನು ನೋಡುತ್ತೆ. ಹಾಗಾಗಿ ನಿಮ್ಮೂರಿನ ನಗರಸಭೆ ಕರೆದ ಟೆಂಡರ್ ಕಣ್ಣಿಗೆ ಬಿದ್ದರೆ ಬೆಲೆಯ ಜೊತೆ ಇದನ್ನೂ ಹುಡುಕಿ: ಸಮಯ ಇಡೋದು 32 ಬಿಟ್‌ನಲ್ಲೋ, 64ರಲ್ಲೋ? ಬರೆದಿಲ್ಲ ಅಂದ್ರೆ ಒಂದು ಆರ್‌ಟಿಐ ಅರ್ಜಿ ಹಾಕಿ.