ಒಂದೂವರೆ ಲೀಟರು ಎಣ್ಣೆ

ಮಲೆನಾಡಿನ ಮಳೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಅಂಥ ಮಳೆ ಸುರಿಯುತ್ತಿದ್ದ ಆಷಾಢದ ಒಂದು ರಾತ್ರಿ, ಮೂಡಿಗೆರೆ ಸೀಮೆಯ ಕಾಫಿ ತೋಟದ ಮನೆಯಲ್ಲಿ ನನ್ನ ಸೋದರಮಾವನಿಗೆ ಎದೆನೋವು ಕಾಣಿಸಿಕೊಂಡಿತು. ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರು ದಾರಿ. ಕೊನೆಯ ಭಾಗವೆಲ್ಲ ಕಡಿದಾದ ಏರು, ಜಾರುವ ಕೆಂಪು ಮಣ್ಣು. ಬೇಸಗೆಯಲ್ಲಿ ಯಾವ ಕಾರಾದರೂ ಅದನ್ನು ಹತ್ತೀತು. ಮಳೆಗಾಲದಲ್ಲಿ ಮಾತ್ರ ನಾಲ್ಕು ಚಕ್ರಗಳೂ ಎಳೆಯುವ ವಾಹನವೇ ಆಗಬೇಕು.

ಮಾವನ ಬಳಿ ಅಂಥದೊಂದು ಹಳೆಯ ಪಿಕಪ್ ಇತ್ತು. ಜೀಪಿನ ವಂಶಕ್ಕೆ ಸೇರಿದ ಗಟ್ಟಿ ಗಾಡಿ. ಇಪ್ಪತ್ತೈದು ವರ್ಷಗಳಿಂದ ಗೊಬ್ಬರ, ಕಾಫಿ ಮೂಟೆ, ಸೌದೆ, ಮದುವೆಯ ದಿಬ್ಬಣ, ಎಲ್ಲವನ್ನೂ ಹೊತ್ತಿತ್ತು. "ಇದು ನನ್ನ ಮನೆಯ ಹಿರಿಯ ಮಗ," ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ರಾತ್ರಿ ಡ್ರೈವರು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಏರಿನ ಬುಡದಲ್ಲಿ ಫೋರ್ ವ್ಹೀಲ್ ಹಾಕಿದ. ಪಕ್ಕದ ಸಣ್ಣ ಹಿಡಿಕೆಯನ್ನು ಎಳೆದು 'ಲೋ'ಗೆ ತಂದ. ಅರ್ಧ ಏರು ಹತ್ತಿರಬಹುದು. ಕೆಳಗಿನಿಂದ 'ಟಕ್' ಎಂಬ ಸದ್ದು ಕೇಳಿತು. ಹಿಡಿಕೆ ತಾನಾಗಿಯೇ ಹಾರಿಕೊಂಡಿತು. ಇಂಜಿನ್ನು ಅಬ್ಬರಿಸಿತು, ಗಾಡಿ ಹಿಂದಕ್ಕೆ ಜಾರಿತು. ಡ್ರೈವರು ಕಾಲ್ಬ್ರೇಕನ್ನು ತುಳಿದು ಹಿಡಿದ. ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹಿಡಿಯಲೇ ಇಲ್ಲ. ಹಿಂದೆ ಕುಳಿತಿದ್ದ ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಮತ್ತೆ ಎಷ್ಟು ಹೆಣಗಿದರೂ ಗಾಡಿ ಅಲುಗಲಿಲ್ಲ. ತೋಟದ ಲೈನಿನಿಂದ ನಾಲ್ವರು ಆಳುಗಳು ಓಡಿಬಂದರು. ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಗಳು ಕಟ್ಟಿ ಹೊತ್ತು ನಡೆದೆವು. ಟಾರು ರಸ್ತೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ನೆರೆಯವರ ಕಾರು ಕಾದಿತ್ತು. ದೈವಕೃಪೆಯಿಂದ ಮಾವ ಬದುಕಿಕೊಂಡರು. "ಇಷ್ಟು ತಡವೇಕೆ ಮಾಡಿದಿರಿ?" ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಉತ್ತರ ದೊರೆತದ್ದು ವಾರದ ಮೇಲೆ, ಗ್ಯಾರೇಜಿನಲ್ಲಿ.

ಬಡಿಸುವವನ ಪಾಡು

ಮುದುಕ ಮೇಸ್ತ್ರಿ ಪಿಕಪ್ಪಿನ ಹೊಟ್ಟೆಯಡಿಯಿಂದ ಕಬ್ಬಿಣದ ಒಂದು ಪೆಟ್ಟಿಗೆಯನ್ನು ಇಳಿಸಿ ನಮ್ಮ ಮುಂದಿಟ್ಟ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್. ಗಾಡಿ ಓಡಿಸುವವರಲ್ಲೂ ಅನೇಕರು ಅದನ್ನು ಕಣ್ಣಿಂದ ಕಂಡವರಲ್ಲ.

ಅದರ ಕೆಲಸವನ್ನು ಹೀಗೆ ತಿಳಿಯಬಹುದು. ಇಂಜಿನ್ನು ಅಡುಗೆಯವನಾದರೆ ಈ ಪೆಟ್ಟಿಗೆ ಬಡಿಸುವವನು. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ ಪಂಕ್ತಿಗೂ ಮುಂದಿನ ಪಂಕ್ತಿಗೂ, ಎಂದರೆ ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ, ಹಂಚಿಕೊಡುತ್ತದೆ. 'ಲೋ'ಗೆ ಹಾಕಿದಾಗ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರ ವರೆಗೆ ತಯಾರಾದ ಜೀಪುಗಳಲ್ಲಿ ಈ ಹೆಚ್ಚಳ ಸುಮಾರು ಎರಡು ಪಟ್ಟು. ಆ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಮಲೆನಾಡಿಗೂ ಕೊಡಗಿಗೂ ಜೀಪು ಒಗ್ಗಿಕೊಂಡದ್ದು ಈ ಪೆಟ್ಟಿಗೆಯ ಬಲದಿಂದಲೇ.

ಆ ಹಳೆಯ ಮಾದರಿಯಲ್ಲಿ ಒಂದು ವಿಶೇಷವಿದೆ. ಎರಡೇ ಚಕ್ರಗಳ ಎಳೆತದಲ್ಲಿ ಊರಿನ ರಸ್ತೆಯ ಮೇಲೆ ಓಡುವಾಗಲೂ ಶಕ್ತಿ ಈ ಪೆಟ್ಟಿಗೆಯ ನಡುವಣ ಹಲ್ಲುಗಾಲಿಯನ್ನು ಹಾದೇ ಹೋಗಬೇಕು. ಅದಕ್ಕೆ ಬಿಡುವೆಂಬುದಿಲ್ಲ. ಅದು ಸವೆಯದಂತೆ ಕಾಯುವುದು ಪೆಟ್ಟಿಗೆಯೊಳಗಿನ ಎಣ್ಣೆ. ಸುಮಾರು ಒಂದೂವರೆ ಲೀಟರು, ಅಷ್ಟೇ!

ಮೇಸ್ತ್ರಿಯ ತೀರ್ಪು

ಮೇಸ್ತ್ರಿ ಅಡಿಯ ತಿರುಪನ್ನು ಬಿಚ್ಚಿದ. ಒಂದು ಲೋಟ ತುಂಬುವಷ್ಟು ಎಣ್ಣೆಯೂ ಬರಲಿಲ್ಲ. ಬಂದದ್ದು ಹುಳಿ ಮಜ್ಜಿಗೆಯಂತೆ ಬಿಳಚಿಕೊಂಡಿತ್ತು. ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಹಲ್ಲುಗಾಲಿಯ ಹಲ್ಲುಗಳ ತುದಿ ಒಡೆದಿತ್ತು. ಅದನ್ನು ಹೊತ್ತ ನಡುದಂಡದಲ್ಲಿ ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು.

"ಎಣ್ಣೆ ಯಾವಾಗ ನೋಡಿಸಿದ್ರಿ, ಗೌಡ್ರೇ?" ಎಂದು ಕೇಳಿದ.

ಮಾವ ಡ್ರೈವರ ಮುಖ ನೋಡಿದರು. "ಗೇರ್ ಬಾಕ್ಸಿನ ಎಣ್ಣೆ ಪ್ರತಿ ವರ್ಷ ನೋಡಿಸ್ತೀನಿ ಅಯ್ಯಾ," ಎಂದ ಅವನು.

ಎಡವಿದ್ದು ಅಲ್ಲಿಯೇ. ಗೇರ್ ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಆದರೆ ಎರಡಕ್ಕೂ ಎಣ್ಣೆ ಹಾಕುವ ತಿರುಪು ಬೇರೆ ಬೇರೆ. ಒಂದನ್ನು ನೋಡಿದವನು ಎರಡನ್ನೂ ನೋಡಿದೆನೆಂದು ಭಾವಿಸುತ್ತಾನೆ. ಇತ್ತ ಹಿಂದಿನ ಆಯಿಲ್ ಸೀಲ್ ಸವೆದು, ಎಣ್ಣೆ ಹನಿಹನಿಯಾಗಿ ಸೋರಿಹೋಗಿತ್ತು. ಅದೇ ಮಾದರಿಯಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುವುದೂ ಪೆಟ್ಟಿಗೆಯ ಬೆನ್ನಿನಲ್ಲಿ. ಸೋರಿದ ಎಣ್ಣೆ ಅದರ ಪಟ್ಟಿಯನ್ನು ನೆನೆಸಿದುದರಿಂದಲೇ ಆ ರಾತ್ರಿ ಬ್ರೇಕು ಹಿಡಿಯಲಿಲ್ಲ. ಹಳ್ಳ ದಾಟುವಾಗ ಒಳಹೊಕ್ಕ ನೀರು ಉಳಿದ ಎಣ್ಣೆಯನ್ನೂ ಕೆಡಿಸಿತ್ತು. ಸಮನೆಲದಲ್ಲಿ ಹೇಗೋ ತಾಳಿಕೊಂಡಿದ್ದ ಹಲ್ಲುಗಳು ಏರಿನಲ್ಲಿ, 'ಲೋ'ದ ಪೂರ್ಣ ಭಾರ ಬಿದ್ದೊಡನೆ, ಕೈಬಿಟ್ಟವು. ಕೆಡಬಾರದ ಹೊತ್ತಿನಲ್ಲೇ ಇದು ಕೆಡುವುದು ವಿಧಿಯ ಆಟವಲ್ಲ. ಅತಿ ಹೆಚ್ಚು ಭಾರ ಬೀಳುವುದು ಆ ಹೊತ್ತಿನಲ್ಲೇ.

ಇದು ನಮ್ಮ ತೋಟಗಳ ಕಥೆ ಮಾತ್ರವಲ್ಲ. 1990ರ ದಶಕದ ಕೊನೆಯಿಂದ ಕೆಲವು ವರ್ಷ ಜನರಲ್ ಮೋಟರ್ಸಿನ ಅನೇಕ ಅಮೆರಿಕನ್ ಪಿಕಪ್ಪುಗಳಲ್ಲಿ ಬಂದ ಟ್ರಾನ್ಸ್‌ಫರ್ ಕೇಸಿನ ಹೊರಕವಚ ಹಗುರವಾದ ಮೆಗ್ನೀಸಿಯಮ್ ಲೋಹದ್ದು. ಒಳಗಿನ ಎಣ್ಣೆ ಪಂಪು ಆ ಕವಚಕ್ಕೆ ಉಜ್ಜಿ ಉಜ್ಜಿ ಕೊನೆಗೆ ಸೂಜಿಮೊನೆಯಷ್ಟು ರಂಧ್ರ ಕೊರೆಯುತ್ತದೆ. ರಂಧ್ರವಿರುವುದು ಮೇಲ್ಭಾಗದಲ್ಲಾದ್ದರಿಂದ ನಿಂತ ಗಾಡಿಯಡಿ ಹನಿ ಕಾಣದಿರಬಹುದು. ಓಡುವಾಗ ಎಣ್ಣೆ ಚಿಮ್ಮಿಹೋಗುತ್ತದೆ. ನೆಲ ಒಣಗಿದೆಯೆಂದು ನಿಶ್ಚಿಂತರಾದವರ ಪೆಟ್ಟಿಗೆ ಹೆದ್ದಾರಿಯಲ್ಲಿ ಸುಟ್ಟುಹೋಗುತ್ತದೆ.

ಒಣ ರಸ್ತೆಯ ಅಪಾಯ

ಎಣ್ಣೆಯ ಕೊರತೆಯ ಜತೆಗೆ ಅಜ್ಞಾನವೂ ಈ ಪೆಟ್ಟಿಗೆಗೆ ಶತ್ರು. ಹಳೆಯ ಪಿಕಪ್ಪುಗಳಲ್ಲಿ ಫೋರ್ ವ್ಹೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ದಂಡಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಜಾರಲು ಆಸ್ಪದವಿಲ್ಲ; ಹಗ್ಗಕ್ಕೆ ಹುರಿ ಹಾಕಿದಂತೆ ದಂಡಗಳು ಬಿಗಿದುಕೊಳ್ಳುತ್ತವೆ, ಹಿಡಿಕೆ ಕದಲದಂತಾಗುತ್ತದೆ. ಆಗ ಬಲಪ್ರಯೋಗ ಸಲ್ಲದು. ಗಾಡಿಯನ್ನು ನೇರವಾಗಿ ಕೆಲವು ಗಜ ಹಿಂದಕ್ಕೆ ನಡೆಸಿದರೆ ಬಿಗಿತ ಸಡಿಲಗೊಳ್ಳುತ್ತದೆ. ಹಣ ಉಳಿಸಲೆಂದು ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದರೂ ಇದೇ ತೊಂದರೆ. ಸುತ್ತಳತೆ ಬೇರೆಯಾದರೆ ನೇರ ದಾರಿಯಲ್ಲೂ ಪೆಟ್ಟಿಗೆಗೆ ಜಗ್ಗಾಟ ತಪ್ಪದು.

ಮಾಡಬೇಕಾದುದು

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ನು ಆರಿಸಿ, ಪೆಟ್ಟಿಗೆಯ ಬದಿಯಲ್ಲಿರುವ ತಿರುಪನ್ನು ಬಿಚ್ಚಿ ಬೆರಳು ಹಾಕಿ ನೋಡಬೇಕು. ಸಾಮಾನ್ಯವಾಗಿ ರಂಧ್ರದ ಕೆಳ ಅಂಚಿನವರೆಗೆ ಎಣ್ಣೆ ಇರಬೇಕು. ಎಣ್ಣೆ ಬದಲಿಸುವಾಗ ಮೊದಲು ಈ ಬದಿಯ ತಿರುಪನ್ನೇ ಬಿಚ್ಚಿರಿ. ಅಡಿಯದನ್ನು ಬಿಚ್ಚಿ ಎಣ್ಣೆಯೆಲ್ಲ ಹರಿದ ಮೇಲೆ ಮೇಲಿನದು ತುಕ್ಕುಹಿಡಿದು ಬಾರದಿದ್ದರೆ ಗಾಡಿ ಅಲ್ಲಿಯೇ ನಿಲ್ಲಬೇಕಾದೀತು! ಹಳೆಯ ಹಲ್ಲುಗಾಲಿ ಮಾದರಿಗೆ 90ರ ಗೇರ್ ಆಯಿಲ್ ವಾಡಿಕೆ. ಸರಪಳಿಯಿಂದ ನಡೆಯುವ ಮಾದರಿಗಳಿಗೆ ತೆಳು ಎಣ್ಣೆ ಬೇಕಾಗಬಹುದು. ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಬೇಕು.

ಆಳವಾದ ನೀರು ದಾಟಿದ ಮೇಲೆ ಎಣ್ಣೆಯ ಬಣ್ಣ ನೋಡಿರಿ. ಬಿಳಚಿದ್ದರೆ ತಡಮಾಡದೆ ಬದಲಿಸಿರಿ. ಫೋರ್ ವ್ಹೀಲ್ ಬೇಕಿಲ್ಲದ ಬೇಸಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿದರೆ ಹಿಡಿಕೆ ಬಿಗಿಯದು. ಗುಂಯ್ ಎಂಬ ಹೊಸ ಸದ್ದು, ತಾನಾಗಿ ಹಾರುವ ಹಿಡಿಕೆ, ನಡುವಿನಲ್ಲಿ ತೊಟ್ಟಿಕ್ಕುವ ಎಣ್ಣೆ: ಇವು ಮೂರೂ ಪೆಟ್ಟಿಗೆ ಬರೆದ ಕಾಗದಗಳು. ಓದದೆ ಎಸೆಯಬಾರದು.

ಮಾವನ ಮನೆಯಲ್ಲಿ ಆಯುಧಪೂಜೆ ಎಂದೂ ತಪ್ಪಿದ್ದಿಲ್ಲ. ಪ್ರತಿ ವರ್ಷ ಪಿಕಪ್ಪನ್ನು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಿದ್ದರು. ಇಪ್ಪತ್ತೈದು ವರ್ಷ ನಡೆದ ಆ ಪೂಜೆಯಲ್ಲಿ ಒಮ್ಮೆಯೂ ಯಾರೂ ಗಾಡಿಯಡಿ ಬಗ್ಗಿ ನೋಡಿರಲಿಲ್ಲ.

ಆ ವರ್ಷದ ನವರಾತ್ರಿಗೆ ನಾನು ಹೋದಾಗ ಅಂಗಳದಲ್ಲಿ ಚಾಪೆ ಹಾಸಿತ್ತು. ಡ್ರೈವರು ಅದರ ಮೇಲೆ ಮಲಗಿ ಗಾಡಿಯಡಿ ಸೇರಿದ್ದ. ಊರುಗೋಲು ಹಿಡಿದ ಮಾವ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು.

"ಮುಹೂರ್ತ ಮೀರುತ್ತೆ, ಇನ್ನೂ ಆಗಲಿಲ್ವೆ?" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಇರೇ, ಮೊದಲು ಎಣ್ಣೆ ನೋಡ್ಲಿ," ಎಂದರು ಮಾವ. "ನಿಂಬೆಹಣ್ಣು ಆಮೇಲೆ."